ಮೊದಲು ಬಾವಿ ನೋಡಿ, ಆಮೇಲೆ ಸಹಿ ಹಾಕಿ

ಶಿರಸಿಯ ನಮ್ಮ ಓಣಿಯಲ್ಲಿ ಡೇ ಕೇರ್ ಬೇಡ ಅಂತ ನಗರಸಭೆಗೆ ಕೊಡಲು ಒಂದು ಅರ್ಜಿ ತಯಾರಾಗಿದೆ. ಸಹಿಗಾಗಿ ಮನೆ ಮನೆ ತಿರುಗುತ್ತಿದೆ. ನನ್ನ ಮನೆಗೂ ಬಂತು, ನಾನು ಹಾಕಲಿಲ್ಲ. ಯಾಕೆ ಅಂತ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಕೇಳುತ್ತಿದ್ದಾರೆ. ಅಲ್ಲಿ ಬರೆದರೆ ಗುಡ್ ಮಾರ್ನಿಂಗ್ ಚಿತ್ರಗಳ ಅಡಿಗೆ ಹೋಗುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತರಾದ ಒಬ್ಬರು ಡೇ ಕೇರ್ ಶುರು ಮಾಡಲು ಓಣಿಯ ಕೊನೆಯ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಹತ್ತು ಹನ್ನೆರಡು ಮಕ್ಕಳು, ಬೆಳಿಗ್ಗೆಯಿಂದ ಸಂಜೆ ಆರರವರೆಗೆ. ಅರ್ಜಿಯಲ್ಲಿ ಇರುವುದು ಎರಡೇ ತಕರಾರು, ಮಕ್ಕಳ ಗಲಾಟೆ ಮತ್ತು ಗಾಡಿಗಳ ಓಡಾಟ.

ಗಲಾಟೆಯಂತೆ! ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬಂದರೆ ಅಷ್ಟೂ ದಿನ ನಿದ್ದೆಗೆಟ್ಟು ಖುಷಿಪಡುವ ಊರು ನಮ್ಮದು. ಗಣಪತಿ ಹಬ್ಬದ ಮೈಕು, ಪಕ್ಕದ ಮನೆಯ ಟೈಲ್ಸ್ ಕಟಿಂಗು ಎಲ್ಲ ಸಹಿಸುತ್ತೇವೆ. ಮೂರು ವರ್ಷದ ಮಗು ಅತ್ತರೆ ಮಾತ್ರ ಬಿಪಿ ಏರುತ್ತದೆ.

ಗಾಡಿ ವಿಷಯ ಸುಳ್ಳಲ್ಲ. ಓಣಿ ಸಣ್ಣದು, ಎದುರಿಗೆ ಒಂದು ಓಮ್ನಿ ಬಂದರೆ ಸ್ಕೂಟಿಯವರು ಗಟಾರಕ್ಕೆ ಇಳಿಯಬೇಕು. ಮಳೆಗಾಲದಲ್ಲಂತೂ ಕೇಳಲೇಬೇಡಿ. ಆದರೆ ಗಾಡಿಯನ್ನು ಮೇನ್ ರೋಡಿನಲ್ಲೇ ನಿಲ್ಲಿಸಿ ಮಗುವನ್ನು ನಡೆಸಿಕೊಂಡು ಬನ್ನಿ ಅಂತ ಹೇಳಿದರೆ ಮುಗಿಯಿತು, ಅಲ್ವಾ?

ಕಾಗದದಲ್ಲಿ ಬರೆಯದ ಕಾರಣ ಇನ್ನೊಂದಿದೆ. ಸಹಿಗೆ ಬಂದ ಹಿರಿಯರು ಚಾ ಕುಡಿಯುತ್ತಾ ಹೇಳಿದರು, ‘ಹಡೆದ ಮೇಲೆ ಮನೆಯಲ್ಲಿದ್ದು ನೋಡಿಕೊಳ್ಳಬೇಕು ಮಾರಾಯ, ಎಂತಕ್ಕೆ ಇವೆಲ್ಲ?’ ಇದೇ ಹಿರಿಯರ ಮೊಮ್ಮಗ ಬೆಂಗಳೂರಿನಲ್ಲಿ ಡೇ ಕೇರಿಗೆ ಹೋಗುತ್ತಾನೆ. ಅಲ್ಲಿಯ ಸಿಸಿಟಿವಿ ಮೊಬೈಲಿನಲ್ಲೇ ಕಾಣುತ್ತದೆ ಅಂತ ನನಗೆ ತೋರಿಸಿದ್ದರು, ಹೆಮ್ಮೆಯಿಂದ.

ಇಲ್ಲಿ ಯಾರಿಗೆ ಬೇಕು ಅನ್ನುವವರು ಆಸ್ಪತ್ರೆಯ ನರ್ಸುಗಳನ್ನು, ಬಟ್ಟೆ ಅಂಗಡಿಯ ಹುಡುಗಿಯರನ್ನು, ಬ್ಯಾಂಕಿಗೆ ವರ್ಗವಾಗಿ ಬಂದವರನ್ನು ಕೇಳಿ ನೋಡಲಿ. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 26 ವಾರ ಆಯಿತು. ಅದು ಮುಗಿಯುವಾಗ ಮಗುವಿಗೆ ಹೆಚ್ಚೆಂದರೆ ಆರು ತಿಂಗಳು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷದ ಮೇಲೆ, ಅದೂ ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ. ಸರ್ಕಾರವೇ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಇರುವುದು ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅಂತ ಶುರುವಾದದ್ದು. 50ಕ್ಕಿಂತ ಕಡಿಮೆ ಕೆಲಸಗಾರರು ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡಲೇಬೇಕು ಅಂತ ಹೆರಿಗೆ ರಜೆಯ ಕಾನೂನು ಹೇಳುವುದಿಲ್ಲ. ಶಿರಸಿಯ ಎಷ್ಟು ಅಂಗಡಿಗಳಲ್ಲಿ 50 ಜನ ಇದ್ದಾರೆ, ನೀವೇ ಹೇಳಿ. ಅತ್ತೆಯೋ ಅಮ್ಮನೋ ಜೊತೆಗಿದ್ದವರಿಗೆ ಸರಿ. ವಿಜಯಪುರದಿಂದ ವರ್ಗವಾಗಿ ಬಂದವಳು ಮಗುವನ್ನು ಯಾರ ಕೈಗೆ ಕೊಡಬೇಕು?

ಹಾಗಂತ ನನಗೆ ತಕರಾರೇ ಇಲ್ಲ ಅಂತಲ್ಲ. ಮೊನ್ನೆ ಹೋಗಿ ಆ ಮನೆ ನೋಡಿ ಬಂದೆ. ಹಿತ್ತಲಿನಲ್ಲಿ ಬಾವಿ ಇದೆ. ಕಟ್ಟೆ ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಎಲೆ ಬೀಳದಿರಲಿ ಅಂತ ಮೇಲೆ ನೈಲಾನ್ ಬಲೆ ಕಟ್ಟಿದ್ದಾರೆ. ಕೊಡಪಾನ ಇಳಿಸಿ ಇಳಿಸಿ ಅದರ ಒಂದು ಮೂಲೆ ಹರಿದು ಜೋತು ಬಿದ್ದಿದೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ನಾಲ್ಕೇ ಹೆಜ್ಜೆ, ಆ ನಾಲ್ಕು ಹೆಜ್ಜೆಯ ಕಲ್ಲಿನ ಮೇಲೂ ಪಾಚಿ. ಮುಂದಿನ ಗೇಟಿನ ಚಿಲಕ ಸಣ್ಣ ಮಗುವಿನ ಕೈಗೂ ಎಟುಕುತ್ತದೆ. ಪೂರ್ತಿ ಎರಡು ಪುಟದ ಅರ್ಜಿಯಲ್ಲಿ ಬಾವಿಯ ಸುದ್ದಿಯೇ ಇಲ್ಲ. ನಮ್ಮ ನಿದ್ದೆ, ನಮ್ಮ ಪಾರ್ಕಿಂಗು, ಇಷ್ಟೇ.

‘ಅಕ್ಕೋರೇ, ಇದಕ್ಕೆ ಕಬ್ಬಿಣದ ಗ್ರಿಲ್ ಕೂರಿಸಿ ಬೀಗ ಹಾಕುವವರೆಗೆ ಒಂದು ಮಗುವನ್ನೂ ತೆಗೆದುಕೊಳ್ಳಬೇಡಿ’ ಅಂದೆ. ‘ಹೌದು ತಮಾ, ನಂಗೂ ಅದೇ ಹೆದರಿಕೆ. ವೆಲ್ಡಿಂಗಿನವನಿಗೆ ಅಡ್ವಾನ್ಸ್ ಕೊಟ್ಟು ಆಯ್ತು, ಅವ ಬರುವುದೇ ಇಲ್ಲ’ ಅಂದರು.

ವೆಲ್ಡಿಂಗಿನವ ನಮ್ಮ ಓಣಿಯವನೇ. ಅರ್ಜಿಯಲ್ಲಿ ಅವನ ಸಹಿ ಮೂರನೆಯದು.

ಸೋಮವಾರ ಅರ್ಜಿ ಕೊಡುತ್ತಾರಂತೆ. ಅದಕ್ಕೆ ಮೊದಲು ಸಹಿ ಹಾಕಿದವರೆಲ್ಲ ಸುಮ್ನೆ ಒಮ್ಮೆ ಆ ಹಿತ್ತಲಿಗೆ ಹೋಗಿ ಬನ್ನಿ. ಬಾವಿಗೆ ಗ್ರಿಲ್, ಎತ್ತರದ ಚಿಲಕ, ಎಷ್ಟು ಮಕ್ಕಳಿಗೆ ಎಷ್ಟು ಆಯಾ, ಗಾಡಿ ಎಲ್ಲಿ ನಿಲ್ಲಬೇಕು, ಇವನ್ನೆಲ್ಲ ಷರತ್ತು ಮಾಡಿ ಬೇರೆ ಅರ್ಜಿ ಬರೆಯಿರಿ. ಅದಕ್ಕಾದರೆ ಇವತ್ತೇ ಬಂದು ಸಹಿ ಹಾಕುತ್ತೇನೆ.