ಭಜ್ಜಿಗೆ ಎಳ್ಳಮವಾಸಿನೇ ಬೇಕಂತಿಲ್ರಿ

ಅಡಿಗಿ ಸಾಮಾನು ಹಾಳಾಗದಂಗ ನೋಡ್ಕೊಳ್ಳೋ ಬಗ್ಗೆ ನಿಮ್ಮ ಲೇಖನದಾಗ, ಫ್ರಿಜ್‌ನಾಗ ಹಳೇದು ಮುಂದ, ಹೊಸದು ಹಿಂದ ಇಡ್ರಿ ಅಂತ ಬರದೀರಿ. ಖರೇ ಅದ. ಆದ್ರ ಕಲಬುರಗಿ ಬ್ಯಾಸಗಿ 42 ಡಿಗ್ರಿ ಮುಟ್ಟಿದಾಗ ಕರೆಂಟ್ ಹೋತಂದ್ರ ಫ್ರಿಜ್ಜೂ ಬರೇ ಒಂದು ಕಪಾಟು!

ಸಂಜಿಮುಂದ ಅಗ್ಗ ಸಿಗ್ತದಂತ ನಮ್ಮನಿಯವ್ರು ಕಣ್ಣಿ ಮಾರ್ಕೆಟ್‌ನಿಂದ ಮೆಂತ್ಯ, ಪಾಲಕ, ರಾಜಗಿರಿ ಎರಡೆರಡು ಸಿವುಡು ತರ್ತಾರ. ಮರುದಿನ ಮುಂಜಾನಿ ನೋಡಿದ್ರ ಅರ್ಧ ಎಲಿ ಹಳದಿ. ಅದಕ್ಕ ನಾ ಈಗ ಎಳ್ಳಮವಾಸಿ ಹಬ್ಬದ ದಾರಿ ಕಾಯಂಗಿಲ್ಲ, ಆ ಹಬ್ಬಕ್ಕ ಮಾಡೋ ಭಜ್ಜಿ (ಕರದದ್ದಲ್ಲ, ತಪ್ಪಲ-ಕಾಳು ಕೂಡಿಸಿ ಕುದಿಸಿದ ಗಟ್ಟಿ ಪಲ್ಯ) ಶನಿವಾರಕ್ಕೊಮ್ಮೆ ಮಾಡ್ತೀನಿ. ಉಳಿದ ತಪ್ಪಲಪಲ್ಯ, ಬಾಡಿದ ಗಜ್ಜರಿ, ಮೂಲ್ಯಾಗ ಬಿದ್ದ ಒಂದೇ ಬದನಿಕಾಯಿ, ಮುಷ್ಟಿ ತೊಗರಿಕಾಳು ಎಲ್ಲಾ ಕುದಿಸಿ, ಹುಣಸಿ ರಸ, ಕಡ್ಲಿಹಿಟ್ಟಿನ ನೀರು ಹಾಕಿ, ಮ್ಯಾಲ ಬಳ್ಳೊಳ್ಳಿ ಒಗ್ಗರಣಿ. ಚಮಚ ನಿಂತಂಗ ಗಟ್ಟಿ ಆಗ್ಬೇಕು ನೋಡ್ರಿ. ಜೋಡಿ ಸಜ್ಜಿ ರೊಟ್ಟಿ. ರೊಟ್ಟಿ ಉಳದ್ರ ಚಿಂತಿಲ್ಲ, ಕಡಕ್ ಮಾಡಿ ಇಟ್ರಾತು.

ನೀವು ಹೇಳಿದ ರಾತ್ರಿ ಅನ್ನದ ಚಿತ್ರಾನ್ನಕ್ಕ ಮಾತ್ರ ನಂದು ತಕರಾರು. ಇಡೀ ರಾತ್ರಿ ಹೊರಗಿದ್ದ ಅನ್ನದಾಗ ಹುಟ್ಟೋ ವಿಷ ಮತ್ತ ಬಿಸಿ ಮಾಡಿದ್ರೂ ಹೋಗಂಗಿಲ್ಲ. ಹೋದ ವರ್ಷ ಮೇ ತಿಂಗಳದಾಗ ಮನಿಮಂದಿಯೆಲ್ಲಾ ಅದನ್ನ ತಿಂದು ವಾಂತಿ ಮಾಡ್ಕೊಂಡೀವಿ. ಬ್ಯಾಸಗ್ಯಾಗ ಈಗ ಅಕ್ಕಿ ಅಳತಿನೇ ಅರ್ಧ ಗ್ಲಾಸ್ ಕಮ್ಮಿ ಮಾಡೀನಿ. ಕಮ್ಮಿ ಬಿದ್ರ ಕಡಕ್ ರೊಟ್ಟಿ ಡಬ್ಬಿ ಇದ್ದೇ ಅದಲ್ಲ!