ಧ್ಯಾನದ ಮೇಲೆ ಹೊರಲಾಗದ ಭಾರ ಹೊರಿಸಬೇಡಿ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ನೋಡಲು ಹೋದಾಗ ನಮ್ಮ ಹಾಸನದ ಕಡೆ ಒಬ್ಬರಲ್ಲ ಒಬ್ಬರು ಹೇಳುತ್ತಾರೆ: ‘ದಿನಾ ಧ್ಯಾನ ಮಾಡಿ, ಮತ್ತೆ ಬರಲ್ಲ.’ ಹೇಳುವವರ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಧ್ಯಾನ ಮಾಡಿ ಎನ್ನುವುದು ಒಳ್ಳೆಯ ಸಲಹೆ. ಮತ್ತೆ ಬರುವುದಿಲ್ಲ ಎನ್ನುವುದು ಯಾರೂ ಕೊಡಬಾರದ ಭರವಸೆ.

ಅರಸೀಕೆರೆ ತಾಲ್ಲೂಕಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕಿಮೊ, ರೇಡಿಯೇಷನ್ ಎಲ್ಲವೂ ಮುಗಿದಾಗ ನಾವು ನಿಟ್ಟುಸಿರು ಬಿಟ್ಟೆವು, ಆದರೆ ಅವರ ನಿಜವಾದ ಭಯ ಶುರುವಾದದ್ದೇ ಆಗ. ಚಿಕಿತ್ಸೆ ನಡೆಯುವಷ್ಟು ಕಾಲ ಡಾಕ್ಟರು, ನರ್ಸುಗಳು, ಮುಂದಿನ ತಾರೀಖು ಎಂದು ಒಂದು ಆಸರೆ ಇರುತ್ತದೆ. ಅದು ಮುಗಿದ ಮೇಲೆ ದೇಹವನ್ನು ಕಾಯುವ ಕೆಲಸ ತನ್ನೊಬ್ಬಳ ಪಾಲಿಗೆ ಬಂತು ಎನ್ನಿಸತೊಡಗುತ್ತದೆ. ರಾಗಿ ಕೊಯ್ಲಿನಲ್ಲಿ ದಿನವಿಡೀ ಬಗ್ಗಿ ಸೊಂಟ ಹಿಡಿದುಕೊಂಡರೂ ಮೂಳೆಗೆ ಹರಡಿತೇನೋ ಎಂಬ ಅನುಮಾನ. ಬೆಂಗಳೂರಿಗೆ ಚೆಕಪ್‌ಗೆ ಹೋಗುವ ದಿನ ಹತ್ತಿರವಾದಂತೆ ನಿದ್ದೆಯೂ ಇಲ್ಲ, ಊಟವೂ ಸೇರುವುದಿಲ್ಲ.

ಧ್ಯಾನ ನೆರವಾಗುವುದು ಇಲ್ಲಿ. ಉಸಿರನ್ನು ನಿಧಾನವಾಗಿ ಬಿಡುತ್ತಾ ಕುಳಿತಾಗ ಎದೆಬಡಿತ ತಗ್ಗುತ್ತದೆ, ಬಿಗಿದ ಭುಜ ಸಡಿಲಾಗುತ್ತದೆ, ‘ಮತ್ತೆ ಬಂದರೆ?’ ಎಂಬ ಯೋಚನೆ ಬಂದಾಗ ಅದರ ಬೆನ್ನು ಹತ್ತದೆ, ಅದೊಂದು ಯೋಚನೆ ಎಂದು ಗುರುತಿಸಿ ಉಸಿರಿಗೆ ಮರಳುವುದು ಅಭ್ಯಾಸವಾಗುತ್ತದೆ. ಭಯ ಹೋಗಿಬಿಡುವುದಿಲ್ಲ, ಅದರ ಹಿಡಿತ ಸಡಿಲವಾಗುತ್ತದೆ. ಜಾನ್ ಕಬಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಆರಂಭಿಸಿದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಉಸಿರು, ದೇಹ, ಯೋಚನೆಗಳನ್ನು ತೀರ್ಪು ಕೊಡದೆ ಗಮನಿಸುವ ಧ್ಯಾನ) ತರಬೇತಿ 8 ವಾರಗಳದ್ದು. ಕೆನಡಾದ ಕ್ಯಾಲ್ಗರಿಯಲ್ಲಿ ಲಿಂಡಾ ಕಾರ್ಲ್‌ಸನ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಕ್ಯಾನ್ಸರ್ ರೋಗಿಗಳಿಗೆ ಹೊಂದಿಸಿದರು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2023ರಲ್ಲಿ ಹೊರತಂದ ಮಾರ್ಗಸೂಚಿಯು ಆತಂಕ ಮತ್ತು ಖಿನ್ನತೆಯ ಲಕ್ಷಣಗಳಿಗೆ ಚಿಕಿತ್ಸೆಯ ಸಮಯದಲ್ಲಿಯೂ ನಂತರವೂ ಇಂಥ ಅಭ್ಯಾಸವನ್ನು ಶಿಫಾರಸು ಮಾಡಿದೆ. ಆ ಶಿಫಾರಸು ಮನಸ್ಸಿನ ಸಂಕಟಕ್ಕೆ ಸಂಬಂಧಿಸಿದ್ದು, ಗೆಡ್ಡೆಯನ್ನು ತಡೆಯುವುದಕ್ಕಲ್ಲ.

ಈ ವ್ಯತ್ಯಾಸವನ್ನು ನಾನು ಒತ್ತಿ ಹೇಳಲು ಕಾರಣವಿದೆ. ಧ್ಯಾನ ಮಾಡಿದರೆ ಬರುವುದಿಲ್ಲ ಎಂದು ನಂಬಿಸಿದ ಮೇಲೆ, ಒಂದು ವೇಳೆ ರೋಗ ಮರುಕಳಿಸಿದರೆ ಆ ಹೆಣ್ಣುಮಗಳು ಯಾರನ್ನು ದೂರಬೇಕು? ‘ನಾನೇ ಮನಸ್ಸಿಟ್ಟು ಕೂರಲಿಲ್ಲ’ ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ರೋಗದ ನೋವಿನ ಮೇಲೆ ಅಪರಾಧದ ನೋವನ್ನೂ ಹೇರುವುದು ಕ್ರೌರ್ಯ. ಇನ್ನೊಂದು ಅಪಾಯವೆಂದರೆ ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ನುಂಗಬೇಕಾದ, ಸ್ತನ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆಯನ್ನು ತಗ್ಗಿಸುವ ಟ್ಯಾಮೊಕ್ಸಿಫೆನ್‌ನಂಥ ಮಾತ್ರೆಯನ್ನು ‘ಧ್ಯಾನವೇ ಸಾಕು’ ಎಂದು ನಿಲ್ಲಿಸಿಬಿಡುವುದು. ಗುಣವಾಗಬಲ್ಲ ಕ್ಯಾನ್ಸರ್‌ಗೆ ಬದಲಿ ಚಿಕಿತ್ಸೆಯನ್ನಷ್ಟೇ ನಂಬಿದವರಲ್ಲಿ ಸಾವಿನ ಅಪಾಯ, ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ, ಸುಮಾರು ಎರಡೂವರೆ ಪಟ್ಟು ಇತ್ತೆಂದು 2018ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನ ತೋರಿಸಿದೆ.

ಕಲಿಸುವವರಲ್ಲಿಯೂ ಒಂದು ವಿನಂತಿ. ಕಿಮೊದಿಂದ ಪಾದ ಜೋಮು ಹಿಡಿದವರನ್ನು ಪದ್ಮಾಸನಕ್ಕೆ ಒತ್ತಾಯಿಸಬೇಡಿ. ಕುರ್ಚಿಯಲ್ಲಿ ಕೂರಲಿ, ಬೇಕಾದರೆ ಮಲಗಲಿ. ಉಸಿರು ಬಿಗಿಹಿಡಿಯುವ ಕುಂಭಕ ಎಲ್ಲರಿಗೂ ಹೊಂದುವುದಿಲ್ಲ. ಕಣ್ಣು ಮುಚ್ಚಿದೊಡನೆ ಆಪರೇಷನ್ ಥಿಯೇಟರ್ ನೆನಪಾಗುವವರು ಕಣ್ಣು ತೆರೆದೇ ಇರಲಿ. ಹೊಲಿಗೆ ಬಿದ್ದ ಜಾಗದತ್ತ ಗಮನ ಹರಿಸಲು ಹೇಳುವ ಮೊದಲು ಅವರ ಒಪ್ಪಿಗೆ ಕೇಳಿ. ಮೊದಮೊದಲು ಹತ್ತು ನಿಮಿಷವಾದರೂ ಸಾಕು, ಅಳು ಬಂದರೆ ಬರಲಿ. ವಾರಗಟ್ಟಲೆ ನಿದ್ದೆಯಿಲ್ಲದೆ ಬದುಕೇ ಬೇಡವೆನ್ನಿಸುವ ಸ್ಥಿತಿಗೆ ತಲುಪಿದವರಿಗೆ ಮಾತ್ರ ಧ್ಯಾನವನ್ನಷ್ಟೇ ಹೇಳಿ ಕಳಿಸಬಾರದು. ಅವರಿಗೆ ಮನೋವೈದ್ಯರು ಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳ ಕೆಲಸದಲ್ಲಿ ಯೋಗವೂ ಸೇರಿದೆ, ಕ್ಯಾನ್ಸರ್ ತಪಾಸಣೆಯೂ ಸೇರಿದೆ. ಚಿಕಿತ್ಸೆ ಮುಗಿಸಿ ಬಂದವರು ವಾರಕ್ಕೊಮ್ಮೆ ಅಲ್ಲಿ ಒಟ್ಟಿಗೆ ಕುಳಿತು ಧ್ಯಾನ ಮಾಡಿ, ಆಮೇಲೆ ತಮ್ಮತಮ್ಮ ಭಯವನ್ನು ಹೇಳಿಕೊಳ್ಳುವಂತಾದರೆ ಹೆಚ್ಚಿನ ಖರ್ಚೇನೂ ಇಲ್ಲ. ಅರಸೀಕೆರೆ ಅಥವಾ ಹಾಸನದಲ್ಲಿ ಇಂಥ ಗುಂಪು ಈಗಾಗಲೇ ಸೇರುತ್ತಿದ್ದರೆ ದಯವಿಟ್ಟು ತಿಳಿಸಿ. ಚಿಕ್ಕಮ್ಮನನ್ನು ಕರೆದುಕೊಂಡು ನಾನೂ ಬರುತ್ತೇನೆ.