ಅತಿದೂರದ ಓಟಕ್ಕೆ ಕಟ್ಟುಮಸ್ತಾದ ಮೈ ಬೇಕೇ?

ಪರ

ದೂರ ಓಡುವವರು ಸಣಕಲಾಗಿರಬೇಕು ಎಂಬ ನಂಬಿಕೆ ಬಂದದ್ದು ಮ್ಯಾರಥಾನ್ ನೋಡಿ. 42.195 ಕಿ.ಮೀ. ದಾಟಿದ ಮೇಲಿನ ಆಟವೇ ಬೇರೆ. ವೇಗ ಕಡಿಮೆ, ಹೊತ್ತು ಹೆಚ್ಚು. ಉಸಿರಿಗಿಂತ ಮೊದಲು ತೊಡೆ ಕೈಕೊಡುತ್ತದೆ.

ಆನೆಗೊಂದಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದವರೆಲ್ಲ ಏದುಸಿರಿನ ಕತೆ ಹೇಳುತ್ತಾರೆ. ಆದರೆ ಮರುದಿನ ಕುಕ್ಕರಗಾಲಿನಲ್ಲಿ ಕೂರಲಾಗದಂತೆ ಮಾಡುವುದು ಇಳಿದ ಮೆಟ್ಟಿಲುಗಳು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುವುದು ಆಗಲೇ. ಗುಡ್ಡಗಾಡಿನ ನೂರು ಕಿ.ಮೀ. ಓಟಗಳಲ್ಲಿ ಇಂಥ ಇಳಿಜಾರು ಸಾವಿರಾರು ಮೀಟರ್ ಇರುತ್ತದೆ. ಭಾರ ಎತ್ತಿ ಪಳಗಿದ ತೊಡೆ ಅಲ್ಲಿ ಬೇಗ ಸೋಲುವುದಿಲ್ಲ.

ಅಥೆನ್ಸಿನಿಂದ ಸ್ಪಾರ್ಟಾಕ್ಕೆ 246 ಕಿ.ಮೀ. ಓಡುವ ಸ್ಪಾರ್ಟಥ್ಲಾನ್ 1983ರಲ್ಲಿ ಶುರುವಾದಾಗ ಗೆದ್ದ ಗ್ರೀಸಿನ ಯಿಯಾನಿಸ್ ಕೂರೋಸ್ ಗಟ್ಟಿಮುಟ್ಟು ಆಳು. 1997ರಲ್ಲಿ ಅವರು 24 ಗಂಟೆಯಲ್ಲಿ 303.506 ಕಿ.ಮೀ. ಓಡಿದ ದಾಖಲೆ ಎರಡು ದಶಕ ದಾಟಿ ನಿಂತಿತು. ಅದನ್ನು ಮುರಿದ ಲಿಥುವೇನಿಯಾದ ಅಲೆಕ್ಸಾಂಡರ್ ಸೊರೋಕಿನ್ ಮೊದಲು ಕಯಾಕ್ ಎಂಬ ಕಿರುದೋಣಿ ನಡೆಸುತ್ತಿದ್ದ ಪಟು.

ಸೈಕಲ್‌ನಲ್ಲಿ ಇದು ಇನ್ನೂ ಸ್ಪಷ್ಟ. 600 ಕಿ.ಮೀ. ಬ್ರೆವೆಗೆ, ಎಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, 40 ಗಂಟೆ ಗಡುವು. ಸಿರುಗುಪ್ಪದ ಕಡೆಯ ಸಪಾಟು ರಸ್ತೆಯಲ್ಲಿ ಸವಾರನ ಮುಖ್ಯ ಎದುರಾಳಿ ಗಾಳಿ. ಮೈ ದೊಡ್ಡದಾದಷ್ಟು ತುಳಿಯುವ ಬಲ ಹೆಚ್ಚುತ್ತದೆ, ಗಾಳಿಯ ತಡೆ ಅಷ್ಟು ಹೆಚ್ಚುವುದಿಲ್ಲ.

ವಿರೋಧ

ಸೊರೋಕಿನ್ ಅವರನ್ನು ಸಾಕ್ಷಿಗೆ ಕರೆದದ್ದು ಒಳ್ಳೆಯದೇ ಆಯಿತು. ಅವರು ಓಟಕ್ಕೆ ಬಂದದ್ದು ತೂಕ ಇಳಿಸಲು. 2022ರಲ್ಲಿ ಅವರು 24 ಗಂಟೆಯಲ್ಲಿ 319.614 ಕಿ.ಮೀ. ಮುಟ್ಟಿದ್ದು ಇಳಿಸಿದ ಮೈಯಲ್ಲಿ.

ಲೆಕ್ಕ ಸರಳ. ಓಡುವಾಗ ಒಂದು ಕಿ.ಮೀ.ಗೆ, ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕಿಲೋಕ್ಯಾಲರಿ ಖರ್ಚು. ನೂರು ಕಿ.ಮೀ. ಓಟದಲ್ಲಿ 60 ಕಿಲೋ ಆಳಿಗಿಂತ 85 ಕಿಲೋ ಆಳಿಗೆ 2,500 ಕಿಲೋಕ್ಯಾಲರಿ ಹೆಚ್ಚು ಬೇಕು. ಕರುಳು ಗಂಟೆಗೆ ಹೀರಿಕೊಳ್ಳುವ ಶರ್ಕರ, ಚೆನ್ನಾಗಿ ಪಳಗಿಸಿದರೂ, 90 ಗ್ರಾಂ ಆಸುಪಾಸು. ಎಂದರೆ 360 ಕಿಲೋಕ್ಯಾಲರಿ. ಆ ವ್ಯತ್ಯಾಸವೊಂದನ್ನೇ ತುಂಬಲು ಏಳು ಗಂಟೆ ತಿನ್ನಬೇಕು. ತೋಳು-ಎದೆಯ ಮಾಂಸ ಓಟಗಾರನಿಗೆ ಮದುವೆಗೆ ಬಂದು ಊಟಕ್ಕಷ್ಟೇ ಕೂರುವ ನೆಂಟ.

ಇನ್ನು ಬಿಸಿಲು. ಬಳ್ಳಾರಿಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಒಂದೇ ವೇಗದಲ್ಲಿ ಓಡಿದರೂ ಭಾರದ ಮೈ ಹೆಚ್ಚು ಶಾಖ ಹುಟ್ಟಿಸುತ್ತದೆ. ಶಾಖ ಬಿಡುವ ಚರ್ಮದ ಹರವು ಮಾತ್ರ ಆ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಏಪ್ರಿಲ್‌ನಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ಗಾಳಿಯೇ ಚರ್ಮಕ್ಕಿಂತ ಬಿಸಿ, ಉಳಿದ ದಾರಿ ಬೆವರೊಂದೇ. ಯುಗಾದಿಗೆ ಮುನ್ನ ರಾಯಚೂರಿನ ಮೇಲಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರಲ್ಲಿ ಜಿಮ್ ಕಂಡವರೆಷ್ಟು? ಒಣಕಲು ಮೈಯ ಮುದುಕಿಯರು ಮಲ್ಲಯ್ಯನ ಹೆಸರು ಹೇಳಿಕೊಂಡು ಮುಂದೆ ಹೋಗುತ್ತಿರುತ್ತಾರೆ.

ತೊಡೆಗೆ ಬಲ ಬೇಕೆಂಬುದು ನನಗೂ ಒಪ್ಪಿಗೆ, ತಕರಾರು ಗಾತ್ರದ್ದು. ಭಾರ ಎತ್ತುವ ಅಭ್ಯಾಸದ ಮೊದಲ ವಾರಗಳಲ್ಲಿ ಬರುವ ಬಲ ಬಹುಪಾಲು ನರಗಳ ಕಲಿಕೆಯದು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲರಲ್ಲಿ ಪೈಲ್ವಾನರ ಮೈಕಟ್ಟು ಅಪರೂಪ.

ಸೈಕಲ್ ವಿಷಯದಲ್ಲಿ ಅರ್ಧ ಗೆಲುವು ಬಿಟ್ಟುಕೊಡುತ್ತೇನೆ. ಅದೂ ಸಿರುಗುಪ್ಪದ ರಸ್ತೆಯಲ್ಲಿ ಮಾತ್ರ. ಸಂಡೂರಿನ ಗುಡ್ಡದ ಏರು ಹತ್ತುವಾಗ ಪ್ರತಿ ಕಿಲೋವನ್ನೂ ತುಳಿದೇ ಮೇಲೆತ್ತಬೇಕು.